ಊರ ಶಾಲೆಯನ್ನು ಬರಿದುಮಾಡಿದವರಾರು?



ಕಾವೇರಿಯ ದಡದಲ್ಲಿರುವ ರುದ್ರಪಟ್ಟಣದ ಹೆಸರನ್ನು ತಾವು ಕೇಳಿಯೇ ಇರುವಿರಿ. ಅರಕಲಗೂಡು ತಾಲ್ಲೂಕಿನ ಈ ಚಿಕ್ಕ ಊರು ನಾಡಿಗೆ ಕೊಟ್ಟ ಸಂಗೀತಗಾರರನ್ನು ಎಣಿಸಹೊರಟರೆ ದೊಡ್ಡ ಪಟ್ಟಣಗಳೂ ತಲೆತಗ್ಗಿಸಬೇಕಾದೀತು. 1920ರಲ್ಲಿ ಇಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರೆಂದೇ ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಊರಿನಲ್ಲಿ ತಂಬೂರಿಯ ಆಕಾರದ ಧ್ಯಾನಮಂದಿರವನ್ನು ಕಟ್ಟಿಸಿದ ಆರ್. ಕೆ. ಪದ್ಮನಾಭ, ಇವರೆಲ್ಲ ಈ ಮಣ್ಣಿನವರೇ. ಆದರೆ ಇವರ ಕೀರ್ತಿ ಬೆಳೆದುದು ಮೈಸೂರು, ಬೆಂಗಳೂರುಗಳಲ್ಲಿ. ವಿದ್ಯೆಯನ್ನೂ ಉದ್ಯೋಗವನ್ನೂ ಅರಸಿ ಮನೆಗಳು ಒಂದೊಂದಾಗಿ ಪೇಟೆಯ ದಾರಿ ಹಿಡಿದವು. ಸಂಗೀತೋತ್ಸವದ ದಿನಗಳಲ್ಲಿ ಊರು ತುಂಬುತ್ತದೆ. ಉತ್ಸವ ಮುಗಿದ ಮಾರನೆಯ ದಿನ ಬೀಗಗಳೇ ಹೆಚ್ಚು ಕಾಣುತ್ತವೆ.

ಈ ಲೇಖನ ಸಂಗೀತವನ್ನು ಕುರಿತದ್ದಲ್ಲ. ಊರಿನ ಹೆಸರು ಉಳಿದು ಊರೇ ಬರಿದಾಗುವ ಆ ಬಗೆಯನ್ನು ಈಗ ನಮ್ಮ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಕಾಣುತ್ತಿದ್ದೇನೆ. ಆದುದರಿಂದ ಅದನ್ನು ಮೊದಲು ನೆನೆದೆ. ಒಂದು ವ್ಯತ್ಯಾಸವುಂಟು. ಅಂದು ಹೋದವರು ಸಂಸಾರ ಸಮೇತ ಹೋದರು. ಇಂದು ತಂದೆತಾಯಿಗಳು ಊರಿನಲ್ಲಿಯೇ ಇದ್ದಾರೆ, ಮನೆಯ ಜಗಲಿಯೂ ಹಟ್ಟಿಯ ದನವೂ ಅಲ್ಲಿಯೇ ಇವೆ. ಮಕ್ಕಳು ಮಾತ್ರ ದಿನವೂ ಹೊರಟುಹೋಗುತ್ತಾರೆ.

ಬೆಳಗಿನ ಎಂಟು ಗಂಟೆಗೆ ರಾಮನಾಥಪುರದ ಸುತ್ತಿನ ಯಾವ ರಸ್ತೆಯಲ್ಲಿ ನಿಂತರೂ ತಾವು ಈ ದೃಶ್ಯವನ್ನು ಕಾಣಬಹುದು. ಅರಕಲಗೂಡಿನ ಕಡೆಯಿಂದಲೋ ಹೊಳೆನರಸೀಪುರದ ಕಡೆಯಿಂದಲೋ ಹಳದಿ ಬಣ್ಣದ ಬಸ್ಸೊಂದು ಬರುತ್ತದೆ. ಕೊರಳಿಗೆ ಟೈ ಕಟ್ಟಿಕೊಂಡ ನಾಲ್ಕು ವರ್ಷದ ಕೂಸುಗಳನ್ನು ಅಜ್ಜಿಯರು ಎತ್ತಿ ಬಸ್ಸಿನ ಮೆಟ್ಟಿಲಮೇಲೆ ಇಡುತ್ತಾರೆ. ಬಸ್ಸು ಹೊರಟುಹೋದ ಮೇಲೆ, ಅದೇ ರಸ್ತೆಯ ಪಕ್ಕದಲ್ಲಿ, ಅಜ್ಜಿಯರೂ ಅವರ ಮಕ್ಕಳೂ ಓದಿದ ಶಾಲೆಯ ಬಾಗಿಲನ್ನು ಒಬ್ಬ ಉಪಾಧ್ಯಾಯರು ತೆರೆಯುತ್ತಾರೆ. ಒಬ್ಬರೇ ಉಪಾಧ್ಯಾಯರು. ಐದು ತರಗತಿಗಳು.

ಇದಕ್ಕೆ ಕಾರಣರಾರೆಂದು ಕೇಳಿದರೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: "ಸರ್ಕಾರಿ ಶಾಲೆಯಲ್ಲಿ ಪಾಠ ನಡೆಯುವುದಿಲ್ಲ, ಅದಕ್ಕೇ ಮಕ್ಕಳು ಹೋದರು." ಈ ಮಾತು ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮಕ್ಕಳು ಹೋದುದರಿಂದ ಪಾಠ ನಿಂತಿತು. ಮೊದಲು ಹೋದವರು ಬಡವರ ಮಕ್ಕಳಲ್ಲ. ನನ್ನ, ತಮ್ಮ ಮನೆಯ ಮಕ್ಕಳು. ಇದು ನಿಷ್ಠುರದ ಮಾತೆಂದು ಬಲ್ಲೆ. ಲೆಕ್ಕವನ್ನು ಮುಂದಿಡುತ್ತೇನೆ, ತಾವೇ ಪರಿಶೀಲಿಸಿ.

2009ರಲ್ಲಿ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಉಪಾಧ್ಯಾಯರ ಸಂಖ್ಯೆಯನ್ನು ನಿಗದಿಪಡಿಸಲಾಗಿದೆ. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. ಒಂದು ಹಳ್ಳಿಯ ಶಾಲೆಯಲ್ಲಿ 64 ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. ಮೂವರು ಉಪಾಧ್ಯಾಯರಿರಬೇಕು. ಆ ಊರಿನ ನಾಲ್ಕು ಅನುಕೂಲಸ್ಥ ಮನೆಗಳವರು, ಅಂಗಡಿಯವರೋ ಗುತ್ತಿಗೆದಾರರೋ ಪಂಚಾಯಿತಿ ಸದಸ್ಯರೋ, ತಮ್ಮ ಒಂದೊಂದು ಮಗುವನ್ನು ಹಳದಿ ಬಸ್ಸಿಗೆ ಹತ್ತಿಸಿದರೆಂದು ಭಾವಿಸಿ. ಹೋದವರು 64ರಲ್ಲಿ ನಾಲ್ವರು, ಅಂದರೆ ಹದಿನಾರರಲ್ಲಿ ಒಂದು ಪಾಲು. ಶಾಲೆ ಕಳೆದುಕೊಳ್ಳುವುದು ಮೂವರಲ್ಲಿ ಒಬ್ಬ ಉಪಾಧ್ಯಾಯರನ್ನು, ಅಂದರೆ ಮೂರರಲ್ಲಿ ಒಂದು ಪಾಲು. ಇಲಾಖೆಯ ಭಾಷೆಯಲ್ಲಿ ಆ ಮೂರನೆಯವರು 'ಹೆಚ್ಚುವರಿ' ಆಗುತ್ತಾರೆ. ಮರುಹೊಂದಾಣಿಕೆಯ ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆ. ಅವರು ಬೇರೆ ಊರಿಗೆ ಹೋಗುತ್ತಾರೆ.

ಉಳಿದ ಅರವತ್ತು ಮಕ್ಕಳ ಪಾಲಿಗೆ ಈಗ ಇಬ್ಬರು. ಅವರಲ್ಲಿ ಒಬ್ಬರು ಮುಖ್ಯೋಪಾಧ್ಯಾಯರ ಕೆಲಸವನ್ನೂ ನೋಡಬೇಕು. ಬಿಸಿಯೂಟದ ಅಕ್ಕಿಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸಮವಸ್ತ್ರದ ಲೆಕ್ಕ, ಗಣಕಯಂತ್ರಕ್ಕೆ ತುಂಬಿಸಬೇಕಾದ ಮಾಹಿತಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಸಭೆ, ಎಲ್ಲವೂ ಅವರದೇ. ಅವರು ಅರಕಲಗೂಡಿಗೆ ಸಭೆಗೆಂದು ಹೋದ ದಿನ ಐದು ತರಗತಿಗಳನ್ನು ಒಬ್ಬರು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಅದನ್ನು ಕಂಡ ಐದನೆಯ ಮನೆಯವರು, "ನೋಡಿ, ಇಲ್ಲಿ ಪಾಠ ನಡೆಯುವುದಿಲ್ಲ" ಎಂದು ತಮ್ಮ ಮಗುವನ್ನೂ ಬಿಡಿಸುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅದನ್ನು ನಿಜ ಮಾಡಿದವರು ಮೊದಲು ಹೋದ ನಾಲ್ವರು.

ಅನುದಾನದ ಲೆಕ್ಕವೂ ಇದೇ ಜಾಡಿನದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ, ಇದರಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40, ಶಾಲೆಯ ವಾರ್ಷಿಕ ಅನುದಾನವನ್ನು ಮಕ್ಕಳ ತಲೆ ಎಣಿಸಿ ಕೊಡುವ ಕ್ರಮವಿದೆ. ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. ಅದಕ್ಕಿಂತ ಮೇಲೆ ನೂರರವರೆಗೆ 25,000. ಮೂವತ್ತೊಂದನೆಯ ಮಗು ಹೋದರೆ ಹದಿನೈದು ಸಾವಿರ ರೂಪಾಯಿಯೂ ಅದರ ಹಿಂದೆ ಹೋಗುತ್ತದೆ. ಸೀಮೆಸುಣ್ಣ, ಹಾಜರಿ ಪುಸ್ತಕ, ಒಡೆದ ಹೆಂಚು, ಕೆಟ್ಟ ನಲ್ಲಿ, ಶೌಚಾಲಯದ ಶುಚಿತ್ವ, ಇವೆಲ್ಲಕ್ಕೂ ಆ ಹಣವೇ ಆಧಾರ. ಮೂವತ್ತು ಮಕ್ಕಳ ಶಾಲೆಯ ಮಾಡು ಅರವತ್ತು ಮಕ್ಕಳ ಶಾಲೆಯ ಮಾಡಿಗಿಂತ ಕಡಿಮೆ ಸೋರುತ್ತದೆಯೆ?

ಇನ್ನು ಕೆಲವು ಬುದ್ಧಿವಂತರು, "ಸರ್ಕಾರಿ ಶಾಲೆಯಲ್ಲಿ ಒಂದೊಂದು ಮಗುವಿಗೆ ತಗಲುವ ಖರ್ಚು ಖಾಸಗಿ ಶಾಲೆಯ ಶುಲ್ಕಕ್ಕಿಂತ ಹೆಚ್ಚು, ಆದುದರಿಂದ ಮುಚ್ಚುವುದೇ ಮೇಲು" ಎನ್ನುವುದನ್ನು ಕೇಳಿದ್ದೇನೆ. ಇಬ್ಬರು ಉಪಾಧ್ಯಾಯರ ಸಂಬಳವನ್ನು ಅರವತ್ತರಿಂದ ಭಾಗಿಸಿದರೆ ಒಂದು ಉತ್ತರ, ಹನ್ನೆರಡರಿಂದ ಭಾಗಿಸಿದರೆ ಅದರ ಐದರಷ್ಟು. ಸಂಬಳ ಒಂದು ಕಾಸೂ ಏರಿಲ್ಲ. ಭಾಜಕವನ್ನು ಕಿತ್ತುಕೊಂಡು ಹೋದವರೇ ಭಾಗಲಬ್ಧವನ್ನು ಕಂಡು ಬೆರಗಾಗುವುದು ಸೋಜಿಗದ ಸಂಗತಿ.

ಹೀಗೆ ಸವೆಯುತ್ತ ಬಂದ ಶಾಲೆಗಳು ಎಷ್ಟೆಂಬುದನ್ನು ಕೇಂದ್ರ ಸರ್ಕಾರದ ಅಂಕಿಅಂಶಗಳೇ ಹೇಳುತ್ತವೆ. 2024-25ರಲ್ಲಿ ದೇಶದಲ್ಲಿ ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳು 1,04,125. ಅವುಗಳಲ್ಲಿ ಕರ್ನಾಟಕದವು 7,349. ವಿದ್ಯೆಯಲ್ಲಿ ಮುಂದು ಎಂದು ನಾವು ಹೇಳಿಕೊಳ್ಳುವ ನಾಡಿನ ಸ್ಥಿತಿ ಇದು. ರಾಜ್ಯದ ಒಟ್ಟು ಮಕ್ಕಳನ್ನು ಒಟ್ಟು ಉಪಾಧ್ಯಾಯರಿಂದ ಭಾಗಿಸಿ, "ನಮ್ಮಲ್ಲಿ ಉಪಾಧ್ಯಾಯರ ಪ್ರಮಾಣ ಸಮರ್ಪಕವಾಗಿದೆ" ಎನ್ನುವ ವಾಡಿಕೆಯುಂಟು. ಸರಾಸರಿಯಲ್ಲಿ ಯಾವ ಮಗುವೂ ಕುಳಿತು ಓದುವುದಿಲ್ಲ.

ಸರ್ಕಾರ ನಿರ್ದೋಷಿಯೆಂದು ನಾನು ಹೇಳಹೊರಟಿಲ್ಲ. ಅದರ ಪಾಪದ ಗಂಟೂ ದೊಡ್ಡದೇ. 2024-25ರ ರಾಜ್ಯದ ಆಯವ್ಯಯ 3,71,383 ಕೋಟಿ ರೂಪಾಯಿ. ಅದರಲ್ಲಿ ಶಿಕ್ಷಣಕ್ಕೆ 44,422 ಕೋಟಿ. ಮರುವರ್ಷ ಆಯವ್ಯಯ 4,09,549 ಕೋಟಿಗೆ ಏರಿತು. ಶಿಕ್ಷಣದ ಪಾಲು 45,286 ಕೋಟಿ. ಒಟ್ಟು ಗಾತ್ರ ನೂರಕ್ಕೆ ಹತ್ತರಷ್ಟು ಬೆಳೆದಾಗ ಶಿಕ್ಷಣಕ್ಕೆ ದೊರೆತ ಹೆಚ್ಚಳ ನೂರಕ್ಕೆ ಎರಡೂ ಅಲ್ಲ. ನೂರು ರೂಪಾಯಿಯಲ್ಲಿ ಹನ್ನೆರಡಿದ್ದುದು ಹನ್ನೊಂದಾಯಿತು. 1964ರಿಂದ 1966ರವರೆಗೆ ಕೆಲಸಮಾಡಿದ ಡಾ. ಡಿ. ಎಸ್. ಕೊಠಾರಿಯವರ ಆಯೋಗ, ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ಆರರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಹೇಳಿತ್ತು. ಅಂದಿನಿಂದ ಎಲ್ಲ ಪಕ್ಷಗಳೂ ಆ 'ಆರು' ಎಂಬ ಅಂಕಿಗೆ ಹೂವೇರಿಸುತ್ತ ಬಂದಿವೆ, ಅದನ್ನು ಮುಟ್ಟಿದವರಿಲ್ಲ.

ನೇಮಕದ ವಿಷಯದಲ್ಲಂತೂ ಕಥೆ ಇನ್ನೂ ದುಃಖದ್ದು. 1994ರಿಂದ 1999ರ ಅವಧಿಯಲ್ಲಿ ಶಿಕ್ಷಣ ಸಚಿವರಾಗಿದ್ದ ಎಚ್. ಜಿ. ಗೋವಿಂದೇಗೌಡರು ಲಂಚಕ್ಕೂ ಶಿಫಾರಸಿಗೂ ಎಡೆಯಿಲ್ಲದಂತೆ, ಅಂಕಗಳ ಆಧಾರದ ಮೇಲೆ ಪ್ರಾಥಮಿಕ ಶಾಲೆಗಳಿಗೆ ಭಾರಿ ಸಂಖ್ಯೆಯಲ್ಲಿ ಉಪಾಧ್ಯಾಯರನ್ನು ನೇಮಿಸಿದರು. ಇಂದಿಗೂ ಹಳ್ಳಿಗಳಲ್ಲಿ 'ಗೋವಿಂದೇಗೌಡರ ಕಾಲದ ಮೇಷ್ಟ್ರು' ಎಂಬ ಮಾತು ಗೌರವದಿಂದ ಬಳಕೆಯಲ್ಲಿದೆ. ಆ ತಲೆಮಾರಿನವರು ಅರವತ್ತು ತುಂಬಿ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಬರುತ್ತಿರುವವರು ಅತಿಥಿ ಶಿಕ್ಷಕರು. 2025-26ರಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಒಟ್ಟು 51 ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಆದೇಶವಾಯಿತು. ಅಷ್ಟು ಹುದ್ದೆಗಳು ಖಾಲಿಯಿವೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅತಿಥಿಗಳಿಗೆ ನಮ್ಮ ಮನೆಗಳಲ್ಲಿ ಮಣೆ ಹಾಕಿ ಬಡಿಸುತ್ತೇವೆ. ಈ ಅತಿಥಿಗಳಿಗೆ ಮಾತ್ರ ತಿಂಗಳ ಗೌರವಧನ ಪ್ರಾಥಮಿಕ ಶಾಲೆಯಲ್ಲಿ 10,000 ಇದ್ದುದು ಆ ವರ್ಷ 12,000 ಆಯಿತು. ಬೇಸಗೆಯಲ್ಲಿ ಅದೂ ಇಲ್ಲ. ಬರುವ ಜೂನ್‌ನಲ್ಲಿ ಕೆಲಸವಿರುವುದೋ ಇಲ್ಲವೋ ಎಂದು ಮಾರ್ಚಿಯಿಂದಲೇ ಚಿಂತಿಸುವ ಮನುಷ್ಯ ಮಗುವಿನ ಮುಂದಿನ ವರ್ಷವನ್ನು ಹೇಗೆ ಚಿಂತಿಸಿಯಾನು?

ಇದ್ದ ಉಪಾಧ್ಯಾಯರನ್ನಾದರೂ ಪಾಠಕ್ಕೆ ಬಿಡುತ್ತೇವೆಯೆ? ಚುನಾವಣೆಗೆ ಅವರೇ, ಗಣತಿಗೆ ಅವರೇ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ಅವರನ್ನು ಮನೆಮನೆಗೆ ಕಳುಹಿಸಿ, ಕೆಲಸ ಮುಗಿಯಲಿಲ್ಲವೆಂದು ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಡವೆನ್ನುವವನಲ್ಲ ನಾನು. ಆದರೆ ಯಾವ ವರ್ಗದ ಮಕ್ಕಳ ಸ್ಥಿತಿಗತಿಯನ್ನು ಅರಿಯಲು ಅದು ನಡೆಯಿತೋ, ಪಾಠ ಕಳೆದುಕೊಂಡವರೂ ಅವರೇ.

ಕಟ್ಟಡಗಳ ಮಾತಿಗೆ ಬಂದರೆ ನಮ್ಮ ಜನಪ್ರತಿನಿಧಿಗಳಿಗೆ ಎಲ್ಲಿಲ್ಲದ ಉತ್ಸಾಹ. ಶಂಕುಸ್ಥಾಪನೆಗೆ ಕಲ್ಲು ಬೇಕು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಉಪಾಧ್ಯಾಯನ ಮೇಲೆ ಹೆಸರು ಕೆತ್ತಿಸಲಾಗದು. 2022ರಲ್ಲಿ 'ವಿವೇಕ' ಎಂಬ ಹೆಸರಿನಲ್ಲಿ ಕೊಠಡಿಗಳನ್ನು ಕಟ್ಟಿಸಲು ಹೊರಟಾಗ ಅವಕ್ಕೆ ಬಳಿಯುವ ಬಣ್ಣ ಯಾವುದಿರಬೇಕೆಂದು ನಾಡಿನ ಉದ್ದಗಲಕ್ಕೂ ವಾಗ್ವಾದ ನಡೆಯಿತು. ಒಳಗೆ ನಿಂತು ಪಾಠ ಹೇಳುವವರಾರು ಎಂಬ ಪ್ರಶ್ನೆಗೆ ಅದರ ಹತ್ತರಲ್ಲೊಂದು ಪಾಲು ಉಸಿರೂ ವ್ಯಯವಾಗಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮತ್ತೊಂದು ಮಾತಿದೆ. ಮಕ್ಕಳೇ ಕಡಿಮೆಯಾಗಿದ್ದಾರೆ. ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,21,669, 2011ರಲ್ಲಿ 17,76,421. ಹತ್ತು ವರ್ಷಗಳಲ್ಲಿ ನೂರಕ್ಕೆ ಮೂರರಷ್ಟು ಮಾತ್ರ ಏರಿಕೆ. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ನೂರಕ್ಕೆ ಹದಿನೈದನ್ನು ಮೀರಿತ್ತು. ನಮ್ಮ ತರುಣರು ಬೆಂಗಳೂರಿಗೆ ಹೋದರು; ಇದ್ದವರಲ್ಲಿಯೂ ಹೆರಿಗೆಗಳು ಕಡಿಮೆಯಾದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳು 1.7. ಹೀಗೆ ಮಕ್ಕಳೇ ಕಡಿಮೆಯಾಗಿರುವಾಗ ಬಸ್ಸಿಗೆ ಹತ್ತುವ ಒಂದೊಂದು ಮಗುವಿನ ಭಾರ ಹಿಂದಿಗಿಂತ ಹೆಚ್ಚು. ಇಪ್ಪತ್ತು ಮನೆಗಳ ಕೊಪ್ಪಲಿನಲ್ಲಿ ಹಿಂದೆ ನಾಲ್ಕು ಮಕ್ಕಳು ಹೋದರೆ ಮತ್ತೆ ನಾಲ್ಕು ಹುಟ್ಟುತ್ತಿದ್ದವು. ಈಗ ಹೋದದ್ದು ಹೋಯಿತು.

ಹಾಗಾದರೆ ಉಳಿದವರಾರು? ಈ ಪ್ರಶ್ನೆಯನ್ನು ನಮ್ಮವರು ಕೇಳುವುದೇ ಇಲ್ಲ. ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪು, ಆಲೂಗೆಡ್ಡೆ, ಶುಂಠಿ ಬೆಳೆಯುತ್ತಾರೆ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿದೆ. ಆ ಹೊಲಗಳಲ್ಲಿ ಕೂಲಿಮಾಡುವವರ ಮಕ್ಕಳು, ಕಾಲೋನಿಯ ಮಕ್ಕಳು, ತಂದೆಯಿಲ್ಲದ ಮಕ್ಕಳು, ಅಣ್ಣನನ್ನು ಬಸ್ಸಿಗೆ ಕಳುಹಿಸಿ "ನಿನಗೆ ಇಲ್ಲೇ ಸಾಕು" ಎಂದು ಉಳಿಸಿಕೊಂಡ ಹೆಣ್ಣುಮಕ್ಕಳು. ಒಂದೇ ಮನೆಯ ಗಂಡುಮಗು ಇಂಗ್ಲಿಷ್ ಶಾಲೆಗೂ ಹೆಣ್ಣುಮಗು ಊರ ಶಾಲೆಗೂ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳ್ಳವರ ಮಕ್ಕಳು ಬಿಟ್ಟುಹೋದ ದಿನದಿಂದ ಊರ ಶಾಲೆ 'ಅವರ ಶಾಲೆ' ಆಯಿತು. ಒಂದು ಕೇರಿಯ ಮಕ್ಕಳು ಮತ್ತೊಂದು ಕೇರಿಯ ಮಕ್ಕಳ ಪಕ್ಕದಲ್ಲಿ ಕೂರದೆಯೇ ದೊಡ್ಡವರಾಗುವ ವ್ಯವಸ್ಥೆಯನ್ನು, ಯಾವ ಮನುವಿನ ನೆರವೂ ಇಲ್ಲದೆ, ನಾವೇ ಕಟ್ಟಿದ್ದೇವೆ.

2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂದುದನ್ನು ತಾವು ಓದಿರಬಹುದು. ಆ ಶಾಲೆಯಲ್ಲಿ ಒಂದೇ ಒಂದು ಮಗು ಉಳಿದಿತ್ತು. ಬಿಸಿಯೂಟದ ಅಡುಗೆಗೆ ದಲಿತ ಮಹಿಳೆ ನೇಮಕವಾದುದರಿಂದ ಮಕ್ಕಳನ್ನು ಬಿಡಿಸಿದರೆಂಬುದು ಆರೋಪ. ಪಾಠ ಸರಿಯಿಲ್ಲದ ಕಾರಣ ಬಿಡಿಸಿದೆವೆಂಬುದು ಪೋಷಕರ ಉತ್ತರ. ನಿಜ ಯಾವುದೆಂದು ದೂರದಲ್ಲಿ ಕುಳಿತು ತೀರ್ಪು ಕೊಡಲಾರೆ. ಆದರೆ ಇಂಥದೊಂದು ಆರೋಪವನ್ನು ಕೇಳಿದೊಡನೆ ನಾಡು ಅದನ್ನು ನಂಬಬಹುದಾದ ಸ್ಥಿತಿಯಲ್ಲಿದೆಯಲ್ಲ, ಅದಕ್ಕೆ ನಮ್ಮ ಉತ್ತರವೇನು? ಆ ಊಟದ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಾಗ ಸರ್ಕಾರ ಆ ಪದವನ್ನು ಎರವಲು ಪಡೆದುದು ಶರಣರಿಂದ. ಪದವನ್ನು ಕೊಟ್ಟೆವೆಂದು ಹೆಮ್ಮೆಪಡುವವರು ಪಂಕ್ತಿಯಿಂದ ಎದ್ದುಹೋಗಬಾರದಾಗಿತ್ತು.

ಇಲ್ಲಿಗೆ ಬಂದ ಮೇಲೆ ನಮ್ಮ ಮಾತನ್ನೇ ಆಡಬೇಕಾಗುತ್ತದೆ. ಈ ಪತ್ರಿಕೆಯನ್ನು ಓದುವ ತಮ್ಮಲ್ಲಿ ಹಲವರು ನನ್ನಂತೆ ಮಠದ ಪ್ರಸಾದನಿಲಯದಲ್ಲಿ ಬೆಳೆದವರು. ಪ್ರಸಾದ ಮಠದ್ದು, ಪಾಠ ಸರ್ಕಾರದ್ದು ಎಂಬುದು ಅಂದಿನ ಕ್ರಮ. ಬೆಳಗಿನ ಪ್ರಾರ್ಥನೆ ಮುಗಿಸಿ, ಸಾಲಾಗಿ ಕುಳಿತು ಮುದ್ದೆ ಉಂಡು, ಬರಿಗಾಲಿನಲ್ಲಿ ಸರ್ಕಾರಿ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆವು. ಪಕ್ಕದಲ್ಲಿ ಕುಳಿತವನು ಯಾವ ಕುಲದವನೆಂದು ಕೇಳುವ ಪದ್ಧತಿ ನಿಲಯದಲ್ಲಿಯೂ ಇರಲಿಲ್ಲ, ಶಾಲೆಯಲ್ಲಿಯೂ ಇರಲಿಲ್ಲ. ಆ ಶಾಲೆಯಿಂದ ಹೊರಬಂದು ನಾವು ಇಂಜಿನಿಯರುಗಳಾದೆವು, ವಕೀಲರಾದೆವು, ಉಪಾಧ್ಯಾಯರಾದೆವು. ಮಕ್ಕಳಿಗೆ ಆ ಶಾಲೆ ಸಾಲದೆಂದು ಮೊದಲು ತೀರ್ಮಾನಿಸಿದವರೂ ನಾವೇ ಆದೆವು. ಸರ್ಕಾರಿ ಶಾಲೆಯ ಉಪಾಧ್ಯಾಯರೇ ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸದಿರುವಾಗ ಹಳ್ಳಿಯ ರೈತ ಏನೆಂದು ತಿಳಿಯಬೇಕು? 2015ರ ಆಗಸ್ಟ್‌ನಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯ, ಸರ್ಕಾರದಿಂದ ಸಂಬಳ ಪಡೆಯುವವರೂ ಜನಪ್ರತಿನಿಧಿಗಳೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿಯೇ ಓದಿಸಬೇಕೆಂದು ತೀರ್ಪಿತ್ತಾಗ ದೇಶವೆಲ್ಲ ಚಪ್ಪಾಳೆ ತಟ್ಟಿತು. ಆ ತೀರ್ಪು ಕಾಗದದಲ್ಲಿ ಉಳಿಯಿತು.

ಭಾಷೆಯ ಮಾತನ್ನು ಬಿಟ್ಟರೆ ತಾವು ನನ್ನನ್ನು ಬಿಡುವುದಿಲ್ಲ. ಇಂಗ್ಲಿಷ್ ಬೇಕೆಂಬ ಹಂಬಲವನ್ನು ನಾನು ಹಳಿಯಲಾರೆ; ಕೆಲಸ ಕೊಡುವವರು ಅದನ್ನು ಕೇಳುತ್ತಾರೆ, ಕೂಲಿಯವನ ಮಗನೂ ಅದನ್ನು ಬಯಸುತ್ತಾನೆ. ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಮಾಡುವಂತಿಲ್ಲವೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದ ಮೇಲೆ ಕಾನೂನಿನ ಬಲವೂ ಇಲ್ಲ. 2019-20ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದುದಾಯಿತು. ಆದರೆ ಅದಕ್ಕೆಂದೇ ತರಬೇತಾದ ಉಪಾಧ್ಯಾಯರನ್ನು ಬೇರೆಯಾಗಿ ಕೊಡದೆ, ಇದ್ದವರಿಗೇ ಕೆಲವು ದಿನಗಳ ತರಬೇತಿ ಕೊಟ್ಟು ಫಲಕ ಬದಲಿಸಿದರೆ ಅದು ಹಳದಿ ಬಸ್ಸಿಗೆ ಉತ್ತರವಾದೀತೆ? 1982ರಲ್ಲಿ ಗೋಕಾಕ್ ವರದಿಯ ಪರವಾಗಿ ಬೀದಿಗಿಳಿದ ತರುಣರು ಇಂದು ಅಜ್ಜಂದಿರು. ಮೊಮ್ಮಕ್ಕಳ ಡೊನೇಷನ್ ರಸೀತಿ ಅವರ ಜೇಬಿನಲ್ಲಿದೆ. ನಾನೂ ಅಂದು ಘೋಷಣೆ ಕೂಗಿದವರಲ್ಲೊಬ್ಬ.

ಸಂಪಾದಕರು ಮನ್ನಿಸಬೇಕು, ಮುಂದಿನ ಮಾತನ್ನು ಹೇಳದೆ ಹೋದರೆ ಈ ಲೇಖನ ಅರ್ಧವಾದೀತು. ಹಳದಿ ಬಸ್ಸುಗಳಲ್ಲಿ ವ್ಯಾಪಾರಿಗಳವು ಮಾತ್ರ ಇಲ್ಲ. ಮಠಗಳ ಹೆಸರು ಹೊತ್ತವೂ ಇವೆ. ಒಂದು ಕಾಲದಲ್ಲಿ ಸರ್ಕಾರ ಶಾಲೆ ತೆರೆಯದ ಕಡೆ ಮಠಗಳು ತೆರೆದವು. ಉಣ್ಣಲಿಲ್ಲದ ಮಕ್ಕಳಿಗೆ ಉಣಬಡಿಸಿದವು. ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಅನ್ನ, ಅಕ್ಷರ ಎರಡನ್ನೂ ಪಡೆಯುತ್ತಿದ್ದಾರೆ. ಅದು ಇಲ್ಲದವರಿಗೆ ಕೊಟ್ಟುದು. ಬದುಕಿರುವ ಶಾಲೆಯ ಬಾಗಿಲಿಗೇ ಬಸ್ಸು ಕಳುಹಿಸಿ ಶುಲ್ಕ ಕೊಡಬಲ್ಲ ಮಗುವನ್ನು ಮಾತ್ರ ಎತ್ತಿಕೊಂಡು ಬರುವುದು ಬೇರೆ ಬಗೆಯ ಕಾರ್ಯ. ಅದನ್ನೂ ದಾಸೋಹವೆಂಬ ಹೆಸರಿನಿಂದಲೇ ಕರೆಯಲಾಗದು. ನಮ್ಮ ಸಂಸ್ಥೆಗಳಿಗೂ ಕಷ್ಟವಿದೆಯೆಂದು ಬಲ್ಲೆ. ಹಳ್ಳಿಗಳಲ್ಲಿ ನಡೆಯುವ ಅನುದಾನಿತ ಕನ್ನಡ ಶಾಲೆಗಳಲ್ಲಿ ನಿವೃತ್ತರಾದವರ ಸ್ಥಾನಗಳನ್ನು ತುಂಬಲು ಸರ್ಕಾರ ವರ್ಷಗಟ್ಟಲೆ ಅನುಮತಿ ಕೊಡಲಿಲ್ಲ. 1995ರ ಬಳಿಕ ಆರಂಭವಾದ ಕನ್ನಡ ಶಾಲೆಗಳು ಅನುದಾನಕ್ಕೆ ಅಂಗಲಾಚುತ್ತಲೇ ಇವೆ. ಕನ್ನಡ ಶಾಲೆಯ ನಷ್ಟವನ್ನು ಇಂಗ್ಲಿಷ್ ಶಾಲೆಯ ಶುಲ್ಕದಿಂದ ತುಂಬಿಸಿಕೊಳ್ಳುವುದು ಆಡಳಿತಗಾರರ ದೃಷ್ಟಿಯಿಂದ ಸಹಜವಿರಬಹುದು. ಆದರೂ ಆ ಶುಲ್ಕದ ಬೆಲೆಯನ್ನು ತೆರುವವರು ಊರ ಶಾಲೆಯಲ್ಲಿ ಉಳಿದ ಕೂಲಿಯವರ ಮಕ್ಕಳು.

ಮತ್ತೊಂದು ಸಂಗತಿ ನಮ್ಮವರ ಗಮನಕ್ಕೆ ಬಂದಿಲ್ಲ. ರಾಜಾರಾಮಣ್ಣನವರ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಶಿಕ್ಷಣ ಹಕ್ಕು ಕಾಯಿದೆಯೂ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕೆಂದು ವಿಧಿಸಿದೆ. ಆ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರು ಎಂಬುದನ್ನು ಗಮನಿಸಬೇಕು. ಊರಿನಲ್ಲಿ ಅರ್ಜಿ ಬರೆಯಬಲ್ಲವನು, ಶಾಸಕರ ಮನೆಯ ಮೆಟ್ಟಿಲು ಹತ್ತಬಲ್ಲವನು, "ಮೇಷ್ಟ್ರು ಏಕೆ ಬಂದಿಲ್ಲ?" ಎಂದು ಕೇಳಬಲ್ಲವನು ತನ್ನ ಮಗುವನ್ನು ಬಿಡಿಸಿಕೊಂಡು ಹೋದಾಗ ಮಗುವಷ್ಟೇ ಹೋಗುವುದಿಲ್ಲ, ಶಾಲೆಯ ನಾಲಗೆಯೂ ಹೋಗುತ್ತದೆ. ದಿನಗೂಲಿ ಬಿಟ್ಟು ಸಭೆಗೆ ಬರಲಾಗದ ತಾಯಿ ಸಮಿತಿಯಲ್ಲಿ ಉಳಿಯುತ್ತಾಳೆ; ನಡಾವಳಿ ಪುಸ್ತಕವನ್ನು ಅವಳ ಮನೆಗೇ ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾರೆ.

ಎಲ್ಲವೂ ಮುಗಿಯಿತೆಂದು ಕೈಚೆಲ್ಲುವವರಿಗೆ ಎರಡು ಸಂಗತಿಗಳನ್ನು ನೆ���ಪಿಸುತ್ತೇನೆ. 2019ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಆ ಯಶಸ್ಸು ತಮ್ಮದೆಂದು ಹೇಳಿಕೊಳ್ಳಲು ಅನೇಕರು ಮುಂದೆ ಬಂದರು, ಅದಿರಲಿ. ಮನಸ್ಸಿಟ್ಟರೆ ಇದೇ ಉಪಾಧ್ಯಾಯರು, ಇದೇ ಮಕ್ಕಳು ಏನು ಮಾಡಬಲ್ಲರೆಂಬುದು ಕಂಡಿತು. ಎರಡನೆಯದು ಕೋವಿಡ್ ಕಾಲದ್ದು. ಶುಲ್ಕ ಕಟ್ಟಲಾಗದೆ ಎಷ್ಟೋ ಪೋಷಕರು ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಮರಳಿ ಸೇರಿಸಿದರು. ದೇಶದ ಗ್ರಾಮಗಳಲ್ಲಿ ಸರ್ಕಾರಿ ಶಾಲೆಗೆ ಹೋಗುವ ಮಕ್ಕಳ ಪ್ರಮಾಣ 2018ರಲ್ಲಿ ನೂರಕ್ಕೆ 65.6 ಇದ್ದುದು 2022ರಲ್ಲಿ 72.9ಕ್ಕೆ ಏರಿತೆಂದು 'ಅಸರ್' ವರದಿ ಹೇಳಿತು. ಬಂದವರನ್ನು ಉಳಿಸಿಕೊಳ್ಳಲು ಒಬ್ಬೊಬ್ಬ ಉಪಾಧ್ಯಾಯರನ್ನು ಹೆಚ್ಚಿಗೆ ಕೊಡಬೇಕಾಗಿತ್ತು. ಕೊಡಲಿಲ್ಲ. 2024ರ ಹೊತ್ತಿಗೆ ಆ ಪ್ರಮಾಣ 66.8ಕ್ಕೆ ಇಳಿಯಿತು. ತಾನಾಗಿ ಮನೆಗೆ ಬಂದ ಲಕ್ಷ್ಮಿಯನ್ನು ಹೊಸಿಲಲ್ಲೇ ನಿಲ್ಲಿಸಿ ಕಳುಹಿಸಿದಂತಾಯಿತು.

ಆದುದರಿಂದ ಸರ್ಕಾರವನ್ನು ನಾವು ಕೇಳಬೇಕಾದುದು ಹೊಸ ಬಣ್ಣವನ್ನಲ್ಲ, ಹೊಸ ಫಲಕವನ್ನೂ ಅಲ್ಲ. ತಲೆಗೊಂದು ಲೆಕ್ಕ ಬಿಟ್ಟು ತರಗತಿಗೊಂದು ಲೆಕ್ಕದಲ್ಲಿ ಉಪಾಧ್ಯಾಯರನ್ನು ಕೊಡಿ. ಅಷ್ಟಾಗದಿದ್ದರೆ, ದಾಖಲಾತಿ ಇಳಿದೊಡನೆ ಹೆಚ್ಚುವರಿಯೆಂದು ಎತ್ತಿಹಾಕದೆ ಮೂರು ವರ್ಷ ಅವಕಾಶ ಕೊಡಿ. ಕಾಯಿದೆ ಹೇಳುವುದು ಕನಿಷ್ಠವನ್ನು. ಅದಕ್ಕಿಂತ ಹೆಚ್ಚು ಕೊಡಬಾರದೆಂದು ಎಲ್ಲಿಯೂ ಹೇಳಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ವಿಸ್ತರಿಸುವ ಯೋಜನೆ ಬಂದಾಗ ಸಣ್ಣ ಶಾಲೆಗಳು ಮುಚ್ಚಿಹೋಗುವವೆಂಬ ಭೀತಿ 2025ರಲ್ಲಿ ಹಬ್ಬಿತು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರ್ಕಾರ ಹೇಳಿತು. ಉಪಾಧ್ಯಾಯರನ್ನು ತೆಗೆದ ಮೇಲೆ ಮುಚ್ಚುವ ಶ್ರಮವನ್ನು ಯಾರೂ ತೆಗೆದುಕೊಳ್ಳಬೇಕಾಗಿಲ್ಲ. ಮಠಗಳನ್ನು ಕೇಳಬೇಕಾದುದು ಇಷ್ಟೆ: ಜೀವವಿರುವ ಸರ್ಕಾರಿ ಶಾಲೆಯ ಊರಿಗೆ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಬಸ್ಸು ಕಳುಹಿಸುವುದು ಬೇಡ, ಆ ಬಸ್ಸಿನ ಡೀಸೆಲ್ಲಿನ ಹಣದಲ್ಲಿ ಆ ಶಾಲೆಗೆ ಇಂಗ್ಲಿಷ್ ಹೇಳಿಕೊಡುವ ಒಬ್ಬರನ್ನು ಕಳುಹಿಸಬಹುದು.

ಇನ್ನು ತಾವು. ಏಪ್ರಿಲ್ ಮುಗಿಯುವುದರೊಳಗೆ ತಮ್ಮೂರಿನ ಶಾಲೆಗೆ ಒಮ್ಮೆ ಹೋಗಿ, ಹಾಜರಿ ಪುಸ್ತಕದಲ್ಲಿರುವ ಸಂಖ್ಯೆಯನ್ನು ನೋಡಿ. ಅದು ಅರವತ್ತರ ಗೆರೆಗೆ ಎಷ್ಟು ದೂರ, ಮೂವತ್ತರ ಗೆರೆಗೆ ಎಷ್ಟು ದೂರ ಎಂದು ಎಣಿಸಿ. ನಾನು ಹಾಗೆ ಹೋಗಿದ್ದೆ. ಆ ಉಪಾಧ್ಯಾಯರು ಚಹಾ ತರಿಸಿಕೊಟ್ಟು, ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಬುದ್ಧಿ, ತಮ್ಮ ಮೊಮ್ಮಗ ಯಾವ ಶಾಲೆಗೆ ಹೋಗುತ್ತಾನೆ?" ಉತ್ತರವನ್ನು ಈ ಲೇಖನದ ಮೊದಲ ಸಾಲಿನಲ್ಲಿಯೇ ಬರೆಯಬೇಕಾಗಿತ್ತು, ಧೈರ್ಯ ಸಾಲಲಿಲ್ಲ. ಅವನೂ ಬಸ್ಸಿನಲ್ಲಿಯೇ ಹೋಗುತ್ತಾನೆ. ಈಗ ಯುಕೆಜಿಯಲ್ಲಿದ್ದಾನೆ. ಜೂನ್‌ನಲ್ಲಿ ಒಂದನೆಯ ತರಗತಿ. ಈ ವಿಷಯವಾಗಿ ಮಗ ಮತ್ತು ಸೊಸೆಯೊಡನೆ ಎರಡು ಬಾರಿ ಕುಳಿತು ಮಾತನಾಡಿದ್ದೇನೆ. ಮೂರನೆಯ ಬಾರಿ ಮುಂದಿನ ಸೋಮವಾರ ಕೂರುವುದೆಂದು ಆಗಿದೆ.